ಅಪ್‌ಡೇಟ್: ಶಂಕರಘಟ್ಟದಲ್ಲಿ ಮಲೆನಾಡಿನ ಲೇಖಕರ ಓದು

ಕುವೆಂಪು ವಿಶ್ವವಿದ್ಯಾಲಯದಲ್ಲಿ ಈ ಭಾಗದ ಲೇಖಕರನ್ನು ಕರೆಸಿ, ಊರವರನ್ನೂ ಸೇರಿಸಿ ಕತೆ-ಕವಿತೆ ಓದಿಸಬೇಕು ಅಂತಿದ್ದೇವೆ, ಬರೀ ಓದನ್ನು ಜನ ಕೂತು ಕೇಳ್ತಾರಾ ಎಂದು ಹಿಂದೆ ಕೇಳಿದ್ದೆ. ಕೇಳಿದರು, ಮನಸ್ಸಿಟ್ಟು ಕೇಳಿದರು. ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ.

ತುಂಬಾ ಕೆಲಸಕ್ಕೆ ಬಂದದ್ದು ಗಮಕದ ಕ್ರಮ ಅನುಸರಿಸಿ ಎಂಬ ಸಲಹೆ. ಶಿವಮೊಗ್ಗದ ಪಕ್ಕ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಗಮಕದಲ್ಲಿ ಒಬ್ಬರು ಕಾವ್ಯ ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ನಾವೂ ಹಾಗೇ ಮಾಡಿದೆವು. ಲೇಖಕರು ಒಂದು ಭಾಗ ಓದಿ ನಿಲ್ಲಿಸಿದಾಗ ಎಂ.ಎ. ವಿದ್ಯಾರ್ಥಿನಿಯೊಬ್ಬರು ಸಂದರ್ಭ, ತೋಟದ ಕೆಲಸದ ವಿವರ ಹೇಳುತ್ತಿದ್ದರು. ಅಡಿಕೆ ಸುಲಿಯುವ ರಾತ್ರಿಯ ಮಾತುಕತೆ ಬಯಲುಸೀಮೆಯ ಹುಡುಗರಿಗೂ ತಿಳಿಯಿತು. ಆಡುಮಾತಿನ ಸಂಭಾಷಣೆಯನ್ನು ಬರೆದವರ ಬಾಯಲ್ಲೇ ಕೇಳಬೇಕು! ನಾನು ಪುಸ್ತಕದಲ್ಲಿ ಸುಮ್ಮನೆ ಓದಿಕೊಂಡು ಹೋಗಿದ್ದ ಅತ್ತೆ-ಸೊಸೆಯ ಜಗಳಕ್ಕೆ ಸಭೆಯೇ ನಕ್ಕಿತು.

ಶಾಲು, ಹಾರ, ಉದ್ದನೆಯ ಸ್ವಾಗತ ಭಾಷಣ ಎಲ್ಲ ಬಿಟ್ಟೆವು. ಗೌರವಧನ ಮಾತ್ರ ಕೊಡಲೇಬೇಕು ಎಂದು ಹಟ ಹಿಡಿದೆ, ಎಲ್ಲರೂ ಒಪ್ಪಿದರು. ಬರೆಯುವವರ ಸಮಯಕ್ಕೂ ಬೆಲೆಯಿದೆ.

ಭದ್ರಾವತಿ ಕಡೆಯಿಂದ ಬಂದವರು ಬಸ್ಸಿಗಾಗಿ ಮಧ್ಯದಲ್ಲೇ ಏಳಬೇಕಾಯಿತು, ಅದೊಂದೇ ಬೇಜಾರು. ಮುಂದಿನ ಸಲ ಮಧ್ಯಾಹ್ನವೇ ಶುರು ಮಾಡುತ್ತೇವೆ. ರೆಕಾರ್ಡಿಂಗ್ ಇದೆ, ಲೇಖಕರು ಒಪ್ಪಿದ ಮೇಲೆ ಹಂಚುತ್ತೇನೆ.