‘ಸ್ಟಾಲ್’ಗೆ ‘ರೆಕ್ಕೆ ಸೋಲು’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಸಣ್ಣ ಖಾಸಗಿ ವಿಮಾನಗಳನ್ನು ತೀರಾ ಕೆಳಗೆ ಹಾರಿಸುವುದರ ಅಪಾಯಗಳ ಬಗ್ಗೆ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ‘ಸ್ಟಾಲ್’, ಅಂದರೆ ಹಾರುತ್ತಿರುವಾಗಲೇ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಹೋಗುವುದು, ಎಂಬ ಇಂಗ್ಲಿಷ್ ಪದಕ್ಕೆ ಸರಿಯಾದ ಕನ್ನಡ ಸಿಗದೆ ಸಿಕ್ಕಿಕೊಂಡಿದ್ದೇನೆ.

‘ಸ್ಥಗಿತ’ ಅಂದರೆ ಓದುವವರು ಎಂಜಿನ್ ನಿಂತಿತು ಅಂದುಕೊಳ್ಳುತ್ತಾರೆ. ಇಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತಿರಬಹುದು. ಎದುರು ಬರುವ ಗಾಳಿಗೆ ರೆಕ್ಕೆ ತೀರಾ ಓರೆಯಾದಾಗ, ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು ದಾಟಿದಾಗ, ರೆಕ್ಕೆಯ ಮೇಲೆ ಹರಿಯುವ ಗಾಳಿ ಅದರ ಮೈಬಿಟ್ಟು ಚದುರುತ್ತದೆ. ವಿಮಾನವನ್ನು ಎತ್ತಿ ಹಿಡಿದ ಬಲ ಕುಸಿಯುತ್ತದೆ. ಮೂಗು ತಗ್ಗಿಸಿದರೆ ರೆಕ್ಕೆ ಮತ್ತೆ ಕೆಲಸ ಮಾಡುತ್ತದೆ, ಆದರೆ ಅಷ್ಟರಲ್ಲಿ ಕೆಲವು ನೂರು ಅಡಿ ಕೆಳಗಿಳಿದಿರುತ್ತದೆ. ತಗ್ಗಿನಲ್ಲಿ ಹಾರುವವರಿಗೆ ಅಷ್ಟು ಜಾಗವೇ ಇರುವುದಿಲ್ಲ.

ಪರಿಚಯದವರ ಮನೆ ಮೇಲೆ ಸುತ್ತುಹಾಕುವವರಿಗೆ ಇದು ಜಾಸ್ತಿ ಕಾಡುತ್ತದೆ. ಕಣ್ಣು ಕೆಳಗಿರುತ್ತದೆ, ತಿರುವು ಬಿಗಿಯಾಗುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ, ನೇರ ಹಾರುವಾಗ ವೇಗ 50 ನಾಟ್‌ಗೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇಳಿದಾಗ ಆಗುವ ಸ್ಟಾಲ್ ಸುಮಾರು 70 ಇರುವಾಗಲೇ ಆಗುತ್ತದೆ.

ನನಗೆ ಹೊಳೆದದ್ದು ‘ರೆಕ್ಕೆ ಸೋಲು’. ನಡೆದು ನಡೆದು ಕಾಲು ಸೋತವು ಅಂತೀವಲ್ವಾ, ಹಾಗೆ. ಎಂಜಿನ್ ಮಾತು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ತಕರಾರು ಒಂದೇ: ಕಾಲು ಸೋಲುವುದು ಮೆಲ್ಲಗೆ, ದಣಿದು. ಇದು ತಟ್ಟನೆ ಆಗಬಹುದು, ರೆಕ್ಕೆಗೆ ದಣಿವೂ ಇಲ್ಲ. ‘ರೆಕ್ಕೆಹಿಡಿತ ತಪ್ಪುವುದು’ ಇನ್ನೂ ಸರಿಯೇನೋ, ಆದರೆ ಬಾಯಲ್ಲಿ ನಿಲ್ಲುವುದಿಲ್ಲ.

‘ಕೆಳಮಟ್ಟದ ಹಾರಾಟ’ವನ್ನು ಬಿಟ್ಟಿದ್ದೇನೆ. ಅದು ಹಾರಿಸುವವರ ನಡತೆಯನ್ನೇ ಬೈದಂತಿದೆ! ‘ತಗ್ಗು ಹಾರಾಟ’ ಸಾಕು.

ಇನ್ನೊಂದು ಗೊಂದಲ ‘ಎತ್ತರ’ದ್ದು. ಎತ್ತರಮಾಪಕ ಸಾಮಾನ್ಯವಾಗಿ ತೋರಿಸುವುದು ಕಡಲಮಟ್ಟದಿಂದ ಇರುವ ಎತ್ತರ. ಮುಳ್ಳು 2,500 ಅಡಿಯಲ್ಲಿದೆ, ಕೆಳಗಿನ ಗುಡ್ಡವೇ 2,200 ಅಡಿ ಇದೆ ಅಂದರೆ ಉಳಿದದ್ದು ಬರೀ 300. ಜನವಸತಿ ದಟ್ಟವಾಗಿಲ್ಲದ ಕಡೆ 500 ಅಡಿಗಿಂತ ಕೆಳಗೆ ಹಾರಬಾರದು ಎಂಬ ಅಂತರರಾಷ್ಟ್ರೀಯ ನಿಯಮ ಮಾತ್ರ ನೆಲದಿಂದ ಅಳೆಯುತ್ತದೆ. ಎರಡಕ್ಕೂ ‘ಎತ್ತರ’ ಅಂತಲೇ ಬರೆದರೆ ಓದುವವರು ಎಡವುತ್ತಾರೆ. ಸದ್ಯಕ್ಕೆ ‘ನೆಲದೆತ್ತರ’, ‘ಕಡಲೆತ್ತರ’ ಎಂದು ಬರೆದಿದ್ದೇನೆ. ‘ನೆಲದೆತ್ತರ’ ಅಂದರೆ ಗುಡ್ಡದ ಎತ್ತರ ಅಂತ ಯಾರಾದರೂ ಓದಿಕೊಳ್ಳಬಹುದಾ? ವಿಮಾನ ಹಾರಿಸಿದ ಅನುಭವ ಇರುವವರು ಮಾತಿನಲ್ಲಿ ಇವೆರಡನ್ನು ಹೇಗೆ ಬೇರೆಮಾಡುತ್ತೀರಿ, ತಿಳಿಸಿ.