ಬಟ್ಟಲು ಕಡೆಯುವ ಉಳಿಗೆ ಯಾವ ಪದ ಸೂಕ್ತ?

ಮಾನ್ಯರೇ,

ಮರದ ತುಂಡನ್ನು ತಿರುಗಿಸುವ ಯಂತ್ರವಾದ ಲೇತಿನಲ್ಲಿ ಮರದ ಬಟ್ಟಲು ಕಡೆಯಲು ಹೊಸದಾಗಿ ತೊಡಗುವವರು ಯಾವ ಸಲಕರಣೆಗಳನ್ನು ಹೊಂದಿಸಿಕೊಳ್ಳಬೇಕೆಂಬುದನ್ನು ಕುರಿತು ಒಂದು ಕಿರುಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಮಜ್ಜಿಗೆಗೂ ವಿಗ್ರಹಕ್ಕೂ ಸಲ್ಲುವ ‘ಕಡೆ’ ಎಂಬ ಧಾತು ಈ ಕೆಲಸಕ್ಕೂ ಸಲ್ಲುವುದರಿಂದ ಕ್ರಿಯಾಪದದ ಚಿಂತೆಯಿಲ್ಲ. ಲೇತ್, (ಅದರಲ್ಲಿ ಮರವನ್ನು ಕಚ್ಚಿ ಹಿಡಿಯುವ) ಚಕ್ ಎಂಬುವು ಬಳಕೆಯಲ್ಲಿ ಬೇರೂರಿರುವುದರಿಂದ ಅವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ಉಳಿಗಳ ಹೆಸರಿನಲ್ಲಿ.

ಮೈಯುದ್ದಕ್ಕೂ ತೋಡು ಇರುವ ಉಳಿಗಳೆಲ್ಲ ‘ಗೌಜ್’ ಎಂಬ ಒಂದೇ ಹೆಸರಿನಡಿ ಬಂದುಬಿಡುತ್ತವೆ. ಆದರೆ ಬಟ್ಟಲಿಗೆ ಬೇಕಾದದ್ದು ದಪ್ಪನೆಯ ದುಂಡು ಸರಳಿನಲ್ಲಿ ಆಳವಾಗಿ ತೋಡು ಕೊರೆದು ಮಾಡಿದ ಉಳಿ. ಚೌಕನೆಯ ಮರವನ್ನು ಉರುಟು ಮಾಡಲು ಬಳಸುವ ಅಗಲಬಾಯಿಯ ‘ರಫಿಂಗ್ ಗೌಜ್’ ಬೇರೆಯೇ ಆಗಿದ್ದು, ಹಿಡಿಯೊಳಗೆ ಸೇರುವ ಅದರ ಬಾಲ ಸಾಮಾನ್ಯವಾಗಿ ತೆಳ್ಳಗೆ ಚಪ್ಪಟೆಯಾಗಿರುತ್ತದೆ. ಕುರ್ಚಿಯ ಕಾಲಿನಂತಹ ಉದ್ದನೆಯ ವಸ್ತುವಿನಲ್ಲಿ ಮರದ ಎಳೆ ತಿರುಗುವ ಅಕ್ಷದ ಗುಂಟ ಸಾಗುವುದರಿಂದ ಅಲ್ಲಿ ಅದು ಸರಾಗವಾಗಿ ಕೆಲಸ ಮಾಡುತ್ತದೆ. ಬಟ್ಟಲಿನ ತುಂಡಿನಲ್ಲಾದರೋ ಎಳೆ ಸಾಮಾನ್ಯವಾಗಿ ಅಕ್ಷಕ್ಕೆ ಅಡ್ಡವಾಗಿದ್ದು, ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಎಳೆಯ ತುದಿಗಳು ಅಲಗಿಗೆ ಎದುರಾಗುತ್ತವೆ. ಅಲಗು ಅಲ್ಲಿ ಕಚ್ಚಿಕೊಂಡರೆ ಆ ತೆಳುಬಾಲ ಮುರಿದು ಸಿಡಿಯಬಹುದು. ಬಟ್ಟಲನ್ನೂ ಮೊದಲು ಒರಟಾಗಿಯೇ ಕಡೆಯಬೇಕಾದ್ದರಿಂದ ‘ರಫಿಂಗ್’ ಎಂಬ ಹೆಸರು ಹೊಸಬರನ್ನು ನೇರವಾಗಿ ಈ ಅಪಾಯಕ್ಕೇ ಕರೆದೊಯ್ಯುತ್ತದೆ. ಆದಕಾರಣ ಎರಡಕ್ಕೂ ಒಂದೇ ಪದ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಮೊದಲನೆಯದನ್ನು ‘ಬಟ್ಟಲುಳಿ’ ಎನ್ನಬಹುದೆಂದು ತೋರುತ್ತದೆ. ‘ಬಟ್ಟಲುಗಣ್ಣು’ ಎಂಬಲ್ಲಿ ಬಟ್ಟಲಿನಂತಹ ಕಣ್ಣು ಎಂದು ಅರ್ಥವಾಗುವುದರಿಂದ, ಇದನ್ನೂ ಬಟ್ಟಲಿನ ಆಕಾರದ ಉಳಿ ಎಂದು ಓದಿಕೊಳ್ಳಬಹುದೇ ಎಂಬ ಅಳುಕು ಮಾತ್ರ ಇದೆ. ‘ತೋಡುಳಿ’ ಕಿವಿಗೆ ಹಿತವೇ. ಆದರೆ ಇದೇ ಉಳಿ ಬಟ್ಟಲಿನ ಹೊರಮೈಯನ್ನೂ ಕಡೆಯುತ್ತದೆ, ಅಲ್ಲಿ ತೋಡುವ ಮಾತೇ ಇಲ್ಲ. ಎರಡನೆಯದಕ್ಕೆ ‘ಉರುಟುಳಿ’ ಎಂದಿಟ್ಟು, ಬಟ್ಟಲಿಗೆ ಬಳಸಕೂಡದೆಂದು ಪಕ್ಕದಲ್ಲಿಯೇ ಬರೆಯುವುದು ನನ್ನ ಆಲೋಚನೆ.

ಅಲಗಿನ ಹಿಂದೆ ಸಾಣೆ ಹಿಡಿದು ಮಾಡಿದ ಇಳಿಜಾರು ಮೈಗೂ ಪದ ಬೇಕಾಗಿದೆ. ಮೊದಲು ಆ ಮೈಯನ್ನು ಮರಕ್ಕೆ ತಾಗಿಸಿ, ಬಳಿಕ ಹಿಡಿಯನ್ನು ಮೆಲ್ಲಗೆ ಎತ್ತುತ್ತ ಹೋದರೆ ಅಲಗು ಮರವನ್ನು ಮುಟ್ಟಿ ಸುರುಳಿ ಸುರುಳಿಯಾಗಿ ಹೆರೆಯತೊಡಗುತ್ತದೆ. ಇಡೀ ಕಲಿಕೆಯಲ್ಲಿ ಇದರ ಮಾತು ಪದೇ ಪದೇ ಬರುವುದರಿಂದ ಪದ ಚಿಕ್ಕದಾಗಿರಬೇಕು. ‘ಓರೆ’ ಎಂದರೆ ಸಾಕೆಂದುಕೊಂಡಿದ್ದೆ. ಆದರೆ ‘ಒರೆಗೆ ಹಚ್ಚು’ ಎಂಬ ಮಾತು ಹತ್ತಿರದಲ್ಲಿಯೇ ಇದ್ದು, ಅಚ್ಚಿನಲ್ಲಿ ಒಂದು ದೀರ್ಘ ತಪ್ಪಿದರೂ ಅರ್ಥ ಕೆಡುತ್ತದೆ.

ಲೇತಿನಲ್ಲಿ ತಿರುಗಿಸಬಹುದಾದ ತುಂಡಿನ ಅಳತೆಯಾದ ‘ಸ್ವಿಂಗ್’ ಎಂಬುದನ್ನು ಮಾತ್ರ ‘ಗರಿಷ್ಠ ವ್ಯಾಸ’ ಎಂದು ಬಿಡಿಸಿಯೇ ಬರೆದಿದ್ದೇನೆ. 12 ಇಂಚಿನ ಲೇತ್ ಎಂದರೆ ಅಕ್ಷದಿಂದ ಲೇತಿನ ಕೆಳಗಿನ ಹಾಸಿನವರೆಗೆ ಸುಮಾರು 6 ಇಂಚು ಅಂತರ ಎಂಬುದು ಕೊಳ್ಳುವವರಿಗೆ ಇದರಿಂದ ಸ್ಪಷ್ಟವಾಗುತ್ತದೆ.

ಮರ ಕಡೆಯುವ ಕಸುಬಿನವರ ಬಾಯಲ್ಲಿ ಆ ಇಳಿಜಾರು ಮೈಗೆ ಈಗಾಗಲೇ ಹೆಸರಿದ್ದರೆ ದಯವಿಟ್ಟು ತಿಳಿಸಬೇಕು. ಇಲ್ಲವಾದಲ್ಲಿ ‘ಓರೆಮೈ’ ನಡೆದೀತೇ?