ಕಾವಿಗೆ ಕೂತ ಹೇಟೆ, ಮನೆಯಲ್ಲಿ ನಾಯಿ-ಬೆಕ್ಕು: ಪಿಳ್ಳೆ ಉಳಿಸಿಕೊಳ್ಳೋದು ಹೇಗೆ?

ಜಗಲಿಕಟ್ಟೆ (ಶಿಡ್ಲಘಟ್ಟ ತಾಲ್ಲೂಕು)

ಐದು ನಾಟಿ ಹೇಟೆ, ಒಂದು ಹುಂಜ ಇವೆ. ಅದರಲ್ಲಿ ಒಂದು ಕಾವಿಗೆ ಕೂತಿದೆ. ಕೈ ಹಾಕಿದರೆ ಗರಿ ಕೆದರಿಕೊಂಡು ಕುಕ್ಕುತ್ತೆ, ಎತ್ತಿ ಹೊರಗೆ ಬಿಟ್ಟರೂ ವಾಪಸ್ ಹೋಗಿ ಅಲ್ಲೇ ಕೂರುತ್ತೆ. ಈ ಸಲ ಮೊಟ್ಟೆ ಮಾರದೆ ಮರಿ ಮಾಡಿಸೋಣ ಅಂತಿದೀವಿ. ವ್ಯಾಪಾರಕ್ಕೇನೂ ಅಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಜಗಲಿ ಮೇಲೆ ಕೂತರೆ ತಾಯಿಕೋಳಿ ಪಿಳ್ಳೆಗಳನ್ನ ಕಟ್ಕೊಂಡು ತಿಪ್ಪೆ ಕೆದರೋದು ಕಾಣಬೇಕು, ಅಷ್ಟೇ ಆಸೆ.

ತೊಡಕು ಎರಡು. ಒಂದೂವರೆ ವರ್ಷದ ಊರನಾಯಿ ಇದೆ, ಕೋಳಿ ಓಡಿದರೆ ಅದೂ ಹಿಂದೆ ಓಡುತ್ತೆ. ಬೆಕ್ಕೂ ಇದೆ, ಅಟ್ಟದ ಇಲಿಗೆ ಅದು ಬೇಕೇ ಬೇಕು. ಎಷ್ಟು ಮೊಟ್ಟೆ ಇಡಬೇಕು, ಪಿಳ್ಳೆಗೆ ಏನು ಹಾಕಬೇಕು, ಈ ನಾಯಿಗೆ ಬುದ್ಧಿ ಕಲಿಸೋದು ಹೇಗೆ? ಗುಡುಗಿಗೆ ಮೊಟ್ಟೆ ಕೆಡುತ್ತೆ, ಕಬ್ಬಿಣದ ಚೂರು ಇಡು ಅಂತಾರೆ ನಮ್ಮಜ್ಜಿ. ಇಡಬೇಕಾ?

ಮಡಿಕೆಕುಡಿಕೆ (ಮಧುಗಿರಿ)

ಮಂಕರಿ ಇದ್ದರೆ ಅದೇ ಸಾಕು. ತಳಕ್ಕೆ ಮೂರು ಬೆರಳು ದಪ್ಪ ಮರಳು ಅಥವಾ ಸಣ್ಣ ಮಣ್ಣು, ಅದರ ಮೇಲೆ ಒಣಗಿದ ಹುಲ್ಲು. ಮಧ್ಯೆ ಕೈಯಿಂದ ಒತ್ತಿ ತಟ್ಟೆಯಷ್ಟು ಆಳ ಮಾಡಿ. ಗುಳಿ ಜಾಸ್ತಿ ಆದರೆ ಮೊಟ್ಟೆ ಒಂದರ ಮೇಲೊಂದು ಏರುತ್ತೆ, ಸಮತಟ್ಟಾದರೆ ಅಂಚಿಗೆ ಉರುಳಿ ತಣ್ಣಗಾಗುತ್ತೆ. ಹುಲ್ಲಿನ ನಡುವೆ ಒಂದು ಹಿಡಿ ಬೇವಿನ ಸೊಪ್ಪು ಅಥವಾ ಲಕ್ಕಿ ಸೊಪ್ಪು ಹಾಕಿದರೆ ಹೇನಿನ ಕಾಟ ಕಡಿಮೆ. ಕಾವಿನ ಕೋಳಿ ಅರ್ಧಕ್ಕೇ ಗೂಡು ಬಿಟ್ಟು ಏಳೋದಕ್ಕೆ ಎಷ್ಟೋ ಸಲ ಹೇನೇ ಕಾರಣ. ಹಿತ್ತಲಲ್ಲಿ ಬೂದಿ, ಸಣ್ಣ ಮಣ್ಣು ಬೆರೆಸಿದ ಗುಂಡಿ ಇರಲಿ, ಅದು ಎದ್ದಾಗ ಹೊರಳಾಡಲಿ.

ಒಂದೂವರೆ ಕೆ.ಜಿ. ತೂಗೋ ಹೇಟೆಗೆ 10-12 ಮೊಟ್ಟೆ, ಚಳಿಗಾಲದಲ್ಲಿ 9-10. ಆಸೆಗೆ 15 ಇಟ್ಟರೆ ಅಂಚಿನವು ದಿನಾ ಬದಲಾಗಿ, ಸರದಿಯ ಮೇಲೆ ಎಲ್ಲವೂ ತಣ್ಣಗಾಗುತ್ತವೆ. ವಾರದೊಳಗಿನ ಮೊಟ್ಟೆ ಆರಿಸಿ, ಬೇಸಿಗೆಯಾದರೆ ನಾಲ್ಕೈದು ದಿನದೊಳಗಿನವು. ತೊಳೀಬೇಡಿ, ಫ್ರಿಜ್‌ನಲ್ಲಿ ಇಡಬೇಡಿ, ಚೂಪು ತುದಿ ಕೆಳಗೆ ಮಾಡಿ ತಂಪಾದ ಮೂಲೆಯಲ್ಲಿ ಇಡಿ. ಅಂಗಡಿಯ ಫಾರಂ ಮೊಟ್ಟೆಗೆ ಹುಂಜದ ಸಂಪರ್ಕ ಇರಲ್ಲ, ಅದು ಮರಿ ಆಗಲ್ಲ. ನಿಮ್ಮ ಐದು ಹೇಟೆಗೆ ಒಂದು ಹುಂಜ ಧಾರಾಳ.

ಎಲ್ಲ ಮೊಟ್ಟೆಯನ್ನೂ ಒಂದೇ ಸಲ, ಸಂಜೆಗತ್ತಲಲ್ಲಿ ಇಡಿ. ಒಂದೊಂದಕ್ಕೂ ಸುತ್ತ ಪೆನ್ಸಿಲ್ ಗೆರೆ ಎಳೆಯೋದು ಮರೀಬೇಡಿ. ಬೇರೆ ಹೇಟೆಗಳು ಅದೇ ಗೂಡಿಗೆ ನುಗ್ಗಿ ಮೊಟ್ಟೆ ಇಟ್ಟು ಹೋಗುತ್ತವೆ, ಗೆರೆ ಇಲ್ಲದ್ದನ್ನ ದಿನಾ ತೆಗೆದುಬಿಡಬಹುದು. ಇಲ್ಲಾಂದ್ರೆ ಮೊದಲ ಮರಿಗಳು ಹೊರಟಾಗ ತಾಯಿ ಎದ್ದು ಹೋಗುತ್ತೆ, ಹಿಂದೆ ಬಿದ್ದವು ಅರ್ಧಕ್ಕೇ ಸಾಯುತ್ತವೆ. ದಿನಕ್ಕೊಮ್ಮೆ ಅದು 15-20 ನಿಮಿಷ ಎದ್ದು ಮೇವು, ನೀರು ಮುಗಿಸಿ ದೊಡ್ಡ ಗಬ್ಬು ಹಿಕ್ಕೆ ಹಾಕಿ ಬರುತ್ತೆ. ಏಳದಿದ್ದರೆ ನೀವೇ ಎತ್ತಿ ಹೊರಗೆ ಬಿಡಿ, ಗೂಡಲ್ಲೇ ಹಿಕ್ಕೆ ಹಾಕಿದರೆ ಮೊಟ್ಟೆ ಕೆಡುತ್ತೆ.

ಏಳನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಕಪ್ಪು ಚುಕ್ಕೆ, ಅದರ ಸುತ್ತ ಎಳೆಎಳೆ ಕೆಂಪು ನರ ಕಂಡರೆ ಸರಿ. ಮನೆ ಮಕ್ಕಳಿಗೆ ತೋರಿಸಬೇಕಾದ್ದು ಇದೇ ಸಮಯಕ್ಕೆ, ಚುಕ್ಕೆ ಅಲ್ಲಾಡೋದೂ ಕಾಣುತ್ತೆ. ಪೂರ್ತಿ ತಿಳಿಯಾಗಿ ಹೊಳೆದರೆ ಗೊಡ್ಡು, ತೆಗೆದುಬಿಡಿ. 18ನೇ ದಿನದಿಂದ ಮುಟ್ಟೋದು ಬೇಡ. 21ಕ್ಕೆ ಒಡೆಯುತ್ತವೆ, ಒಂದು ದಿನ ಹಿಂದೆಮುಂದೆ ಆಗಬಹುದು. ಸಿಪ್ಪೆ ಬಿಡಿಸೋಕೆ ಸಹಾಯ ಮಾಡೋಕೆ ಹೋಗಬೇಡಿ, ರಕ್ತನಾಳ ಇನ್ನೂ ಒಣಗಿರಲ್ಲ.

ಅಜ್ಜಿ ಹೇಳಿದ ಕಬ್ಬಿಣ ಇಟ್ಟರೆ ನಷ್ಟವೇನಿಲ್ಲ, ಮರಳಿನ ಅಡಿಯಲ್ಲಿ ಹೂತಿಡಿ. ಮೊಟ್ಟೆ ಪಕ್ಕ ಇಟ್ಟರೆ ತಿರುಗಿಸುವಾಗ ತಗುಲಿ ಬಿರುಕು ಬಿಡುತ್ತೆ.

ತಿಪ್ಪೆಗುಂಡಿ (ಚಿಂತಾಮಣಿ)

ಮೇವಿನ ಮಾತು. ಒಡೆದ ಮೇಲೆ ಒಂದು ದಿನ ಏನೂ ಹಾಕದಿದ್ದರೂ ನಡೆಯುತ್ತೆ, ಮೊಟ್ಟೆಯ ಹಳದಿ ಭಾಗದ ಅಂಶ ಹೊಟ್ಟೆಯಲ್ಲೇ ಇರುತ್ತೆ. ಆಮೇಲೆ ಅಕ್ಕಿ ನುಚ್ಚು, ರಾಗಿ. ಆದರೆ ಬರೀ ರಾಗಿ ಮೇಲೆ ಬಿಡಬೇಡಿ. ರಾಗಿಯಲ್ಲಿ ಪ್ರೋಟೀನ್ ಶೇ. 7ರ ಹತ್ತಿರ, ಪಿಳ್ಳೆಗೆ ಬೇಕಾದ್ದು 20. ರೆಕ್ಕೆ ಗರಿ ತಡವಾಗಿ ಬರೋದು, ಜೋತುಬೀಳೋದು ಹೆಚ್ಚಾಗಿ ಇದರಿಂದಲೇ. ಮೊದಲ ಮೂರ್ನಾಲ್ಕು ವಾರ ಚಿಕ್ ಸ್ಟಾರ್ಟರ್ ಅಂತ ಸಿಗೋ ಪುಡಿ ಮೇವನ್ನ ಅರ್ಧ ಬೆರೆಸಿ. ಕಡಲೆಕಾಯಿ ಹಿಂಡಿ ಕೊಡೋದಾದರೆ ಬೂಷ್ಟು ಹಿಡಿದಿಲ್ಲ ಅಂತ ಮುರಿದು ನೋಡಿ, ಆ ವಿಷ ಪಿಳ್ಳೆಗಳ ಯಕೃತ್ತಿಗೆ ಕುತ್ತು.

ಗೆದ್ದಲು ಸಿಕ್ಕರೆ ಇನ್ನೂ ಒಳ್ಳೇದು. ಹಳೇ ಕುಡಿಕೆಗೆ ಒದ್ದೆ ಹುಲ್ಲು, ಸಗಣಿ, ಗೋಣಿ ಚೂರು ತುರುಕಿ, ಹುತ್ತದ ಪಕ್ಕ ಗೆದ್ದಲು ಕಂಡ ಕಡೆ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಇರುವೆ ಬರೋ ಮೊದಲು ಎತ್ತಿ ತಂದು ಜಾಡಿಸಿ. ಗೆದ್ದಲಿಗೆ ಔಷಧಿ ಸುರಿದ ಜಾಗ ಮಾತ್ರ ಬೇಡ. ನಿಮ್ಮ ಕಡೆ ರೀಲಿಂಗ್ (ರೇಷ್ಮೆ ನೂಲು ಬಿಚ್ಚೋ) ಘಟಕಗಳಿಂದ ರೇಷ್ಮೆ ಪ್ಯೂಪಾ (ಗೂಡಿನೊಳಗಿನ ಹುಳ) ಸಿಗುತ್ತೆ, ಅವತ್ತೇ ತಂದು ಚೆನ್ನಾಗಿ ಒಣಗಿಸಿ. ಒಂದು ರಾತ್ರಿ ಹಸಿ ಬಿಟ್ಟರೆ ನಾರುತ್ತೆ, ಮೊಟ್ಟೆ ಇಡೋ ಕೋಳಿಗೆ ಜಾಸ್ತಿ ಆದರೆ ಮೊಟ್ಟೆಗೂ ವಾಸನೆ ಹತ್ತುತ್ತೆ.

ನೀರಿನ ತಟ್ಟೆ ಆಳ ಇರಬಾರದು, ಬೆಣಚುಕಲ್ಲು ಹರಡಿ. ಮುಳುಗಿ ಸಾಯೋದು ಮೊದಲ ವಾರದಲ್ಲೇ. ನೆಲ ಒದ್ದೆ ಇದ್ದರೆ ಮೂರರಿಂದ ಆರನೇ ವಾರದಲ್ಲಿ ರಕ್ತದ ಹಿಕ್ಕೆ ಶುರುವಾಗುತ್ತೆ, ಆಗ ತಡಮಾಡದೆ ಪಶು ಆಸ್ಪತ್ರೆಗೆ ಹೋಗಿ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸೋದು ತಪ್ಪಿಸಬೇಡಿ. 5-7ನೇ ದಿನ ಎಫ್-1 ಅಥವಾ ಲಸೋಟ, ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು ನಾಲ್ಕನೇ ವಾರ ಲಸೋಟ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಆರ್2ಬಿ ಚುಚ್ಚುಮದ್ದು. ಸೀಸೆಯಲ್ಲಿ ಸಾಮಾನ್ಯವಾಗಿ ನೂರಕ್ಕೂ ಹೆಚ್ಚು ಹನಿ ಬರುತ್ತೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಐಸ್ ತುಂಬಿದ ಫ್ಲಾಸ್ಕಲ್ಲಿ ತಂದು ಇಡೀ ಬೀದಿಯವರು ಸೇರಿ ಹಾಕಿಸಿ, ಹಣವೂ ಉಳಿಯುತ್ತೆ. ಪಕ್ಕದ ಮನೆ ಕೋಳಿಗೆ ಲಸಿಕೆ ಇಲ್ಲದಿದ್ದರೆ ನಿಮ್ಮವಕ್ಕೂ ಭಯ ತಪ್ಪಲ್ಲ.

ನಾಯಿಬಾಲ (ಮುಳಬಾಗಿಲು)

ನಾಯಿಗೆ ಈ 21 ದಿನಗಳಲ್ಲೇ ಪಾಠ ಮಾಡಿ. ಪಿಳ್ಳೆ ಬಂದ ಮೇಲೆ ಶುರು ಮಾಡಿದರೆ ತಡ. ಕೋಳಿಗಳನ್ನ ಜಾಲರಿ ಒಳಗೆ ಬಿಟ್ಟು, ನಾಯಿಯನ್ನ ಹೊಟ್ಟೆ ತುಂಬಿಸಿ ಹಗ್ಗದಲ್ಲಿ ಹತ್ತು-ಹನ್ನೆರಡು ಅಡಿ ದೂರ ಹಿಡಿದು ನಿಲ್ಲಿ. ಅದು ಕೋಳಿ ನೋಡಿ, ಆಮೇಲೆ ಮುಖ ತಿರುಗಿಸಿ ನಿಮ್ಮ ಕಡೆ ನೋಡಿದ ಕೂಡಲೇ 'ಭೇಷ್' ಅಂದು ಬೇಯಿಸಿದ ಈಲಿ (ಲಿವರ್) ಚೂರು ಕೊಡಿ. ಬೆಳಿಗ್ಗೆ, ಸಂಜೆ ಐದೈದು ನಿಮಿಷ. ಎಳೆದಾಡಿದರೆ ಹಿಂದಕ್ಕೆ ಸರಿಯಿರಿ, ಸುಮ್ಮನಾದರೆ ಒಂದಡಿ ಮುಂದೆ. ಆಮೇಲೆ ಉದ್ದ ಹಗ್ಗ ನೆಲದಲ್ಲಿ ಎಳೆದಾಡೋಕೆ ಬಿಟ್ಟು ನೋಡಿ, ಓಡಿದರೆ ಹಗ್ಗದ ಮೇಲೆ ಕಾಲಿಡಿ.

ಹೊಡೆಯಬೇಡಿ. ಹೊಡೆದರೆ ಅದು ಕಲಿಯೋದು 'ಯಜಮಾನ ಇದ್ದಾಗ ಹಿಡೀಬಾರದು' ಅಂತ ಮಾತ್ರ. ಸತ್ತ ಕೋಳಿಯನ್ನ ಕುತ್ತಿಗೆಗೆ ಕಟ್ಟೋ ಪದ್ಧತಿಯೂ ವ್ಯರ್ಥ. ಮೊಟ್ಟೆ ಚಿಪ್ಪನ್ನ ಹಾಗೇ ಎಸೆದು ರುಚಿ ಹತ್ತಿಸಬೇಡಿ, ಆಮೇಲೆ ಗೂಡಿಗೇ ಬಾಯಿ ಹಾಕುತ್ತೆ. ಮುಧೋಳದ ಬೇಟೆನಾಯಿ ತಳಿಯ ರಕ್ತ ಇದ್ದರೆ ಎಷ್ಟು ಕಲಿಸಿದರೂ ಒಂಟಿಯಾಗಿ ಬಿಡದಿರೋದೇ ಒಳ್ಳೇದು.

ಬೆಕ್ಕಿಗೆ ಕಲಿಸೋಕಾಗಲ್ಲ, ಜಾಗ ಕಟ್ಟೋದೊಂದೇ ದಾರಿ. ದೊಡ್ಡ ಹೇಟೆ ತಂಟೆಗೆ ಅದು ಬರಲ್ಲ, ಎರಡು ತಿಂಗಳವರೆಗಿನ ಪಿಳ್ಳೆಗೇ ಅಪಾಯ. ಗೂಡಿನ ಕೆಳಗಿನ ಎರಡಡಿಗೆ ಅರ್ಧ ಇಂಚಿನ ವೆಲ್ಡ್ ಜಾಲರಿ ಹಾಕಿ, ಮಣ್ಣಿನೊಳಗೆ ಅರ್ಧ ಅಡಿ ಹೂಳಿ. ದೊಡ್ಡ ಕಣ್ಣಿನ ಕೋಳಿ ಜಾಲರಿಯಲ್ಲಿ ಇಲಿ ನುಸುಳುತ್ತೆ, ಹಾವಿಗೂ ತಡೆಯಿಲ್ಲ. ಹಗಲಿಗೆ ಹದ್ದು, ಕಾಗೆ ಕಾಟಕ್ಕೆ ಹಳೇ ಚಂದ್ರಿಕೆ (ರೇಷ್ಮೆಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಎರಡು ಒರಗಿಸಿಟ್ಟರೆ ತಾಯಿ ಕೂಗಿದ ಕೂಡಲೇ ಪಿಳ್ಳೆಗಳು ಅಡಿಗೆ ನುಗ್ಗುತ್ತವೆ. ಹೊತ್ತು ಮುಳುಗೋ ಮೊದಲೇ ಗೂಡು ಮುಚ್ಚಿ, ಮುಂಗುಸಿ ಬೆಳಿಗ್ಗೆ ಬೇಗ ಬರುತ್ತೆ, ತೆರೆಯೋದು ಬಿಸಿಲು ಬಂದ ಮೇಲೆ.

ಜಗಲಿಕಟ್ಟೆ (ಶಿಡ್ಲಘಟ್ಟ ತಾಲ್ಲೂಕು)

ಬಹಳ ಉಪಕಾರ. ಇನ್ನೊಂದು ಮಾತು. ನಾಯಿಗೆ ಉಣ್ಣಿ ಜಾಸ್ತಿ ಆಗಿದೆ, ಹಸುವಿಗೆ ಹೊಡೆಯೋ ಉಣ್ಣಿ ಔಷಧಿ ಮನೆಯಲ್ಲಿದೆ, ನಾಯಿಗೂ ಗೂಡಿಗೂ ಸಿಂಪಡಿಸಬಹುದಾ? ಪಕ್ಕದ ಮನೆಯವರು ರೇಷ್ಮೆಹುಳ ಸಾಕಿದ್ದಾರೆ.

ತಿಪ್ಪೆಗುಂಡಿ (ಚಿಂತಾಮಣಿ)

ಬೇಡವೇ ಬೇಡ. ಡೆಲ್ಟಾಮೆಥ್ರಿನ್ ಜಾತಿಯ ಔಷಧಿ ರೇಷ್ಮೆಹುಳಕ್ಕೆ ಒಂದಿಷ್ಟು ತಗುಲಿದರೂ ಸಾಕು, ಸೊಪ್ಪಿಗೆ ಹಾರಿದರೂ ಇಡೀ ಬ್ಯಾಚ್ ಹೋಗುತ್ತೆ. ಬೆಕ್ಕು ನಾಯಿಯ ಮೈ ಉಜ್ಜಿ ತನ್ನ ಮೈ ನೆಕ್ಕಿಕೊಂಡರೂ ತೊಂದರೆ. ವೈದ್ಯರ ಹತ್ತಿರ ನಾಯಿಯ ತೂಕ ಹೇಳಿ ಬಾಯಿಗೆ ಕೊಡೋ ಉಣ್ಣಿ ಮಾತ್ರೆ ಬರೆಸಿಕೊಳ್ಳಿ. ಅಲ್ಲಿವರೆಗೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಹುಡುಕಿ, ಚಿಮುಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಿ. ಉಣ್ಣಿ ಮರಿ ಮಾಡೋದು ನಾಯಿ ಮಲಗೋ ಜಾಗದ ಗೋಡೆ ಬಿರುಕಲ್ಲಿ, ಅದನ್ನ ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ಹುಚ್ಚುನಾಯಿ ಲಸಿಕೆ ವರ್ಷಕ್ಕೊಮ್ಮೆ ಹಾಕಿಸ್ತಿದ್ದೀರಾ? ಇಲ್ಲದಿದ್ದರೆ ಅದೇ ಹೋಗುವಾಗ ಮುಗಿಸಿಕೊಂಡು ಬನ್ನಿ, ಬೆಕ್ಕನ್ನೂ ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗಿ.